ಐವತ್ತು ಮೀರಿದ ಮೇಲೆ ಕಥೆ ಬರೆದ ಅನ್ನಾ ಸ್ಯೂವೆಲ್

ನಮ್ಮ ಪಾಠಶಾಲೆಯನ್ನು ಬಿಟ್ಟು ಸಂಸಾರಭಾರವನ್ನು ಹೊತ್ತ ಸೋದರಿಯರನೇಕರು, ಕಥೆ ಬರೆಯುವ ವಯಸ್ಸು ತಮಗೆ ಮೀರಿತೆಂದು ಹೇಳುವುದನ್ನು ನಾವು ಕೇಳಿರುವೆವು. ಎಳವೆಯಲ್ಲಿಯೇ ಬರೆಯದ ಮಗಳು ಮುಂದೆ ಲೇಖಕಿಯಾಗಲಾರಳೆಂದು ಚಿಂತಿಸುವ ತಾಯಿತಂದೆಗಳೂ ಉಂಟು. ಇವರೆಲ್ಲರೂ, ಕರಿಯ ಕುದುರೆಯೊಂದು ತನ್ನ ಕಥೆಯನ್ನು ತಾನೇ ಹೇಳುವ 'ಬ್ಲ್ಯಾಕ್ ಬ್ಯೂಟಿ' ಎಂಬ ಗ್ರಂಥವನ್ನು ರಚಿಸಿದ ಅನ್ನಾ ಸ್ಯೂವೆಲಳ ಜೀವಿತವನ್ನು ಅರಿಯುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಅನ್ನಾ 1820ನೆಯ ಇಸವಿ ಮಾರ್ಚಿ 30ರಂದು ಇಂಗ್ಲೆಂಡಿನ ಗ್ರೇಟ್ ಯಾರ್ಮತ್ ಪಟ್ಟಣದಲ್ಲಿ ಕ್ವೇಕರ್ ಪಂಗಡದ ಮನೆತನದಲ್ಲಿ ಜನಿಸಿದಳು. 14ನೆಯ ವಯಸ್ಸಿನಲ್ಲಿ ಮಳೆಯೊಳಗೆ ಶಾಲೆಯಿಂದ ಮರಳುವಾಗ ಜಾರಿಬಿದ್ದು ಕಾಲಿಗೆ ಪೆಟ್ಟುಮಾಡಿಕೊಂಡಳು. ಆ ನೋವು ಕಡೆಯತನಕ ವಾಸಿಯಾಗಲಿಲ್ಲ. ದೂರ ನಡೆಯಲಾರದ ಆಕೆಗೆ ಕುದುರೆಬಂಡಿಯೇ ಆಸರೆಯಾಯಿತು. ಬಂಡಿ ನಡೆಸುತ್ತ ಆಕೆ ಕುದುರೆಗಳ ಸ್ವಭಾವವನ್ನೂ, ಅವು ಮನುಷ್ಯರ ಕೈಯಲ್ಲಿ ಪಡುವ ಕಷ್ಟವನ್ನೂ ಕಣ್ಣಾರೆ ಕಂಡಳು.

ತಾಯಿಯಾದ ಮೇರಿ ಸ್ಯೂವೆಲಮ್ಮನವರು ಸುಮಾರು 60ನೆಯ ವಯಸ್ಸಿನಲ್ಲಿ ಬಡವರಿಗಾಗಿ ಸುಲಭವಾದ ಕಥನಪದ್ಯಗಳನ್ನು ಪ್ರಕಟಿಸತೊಡಗಿ ಪ್ರಸಿದ್ಧರಾದರು. ಅವುಗಳನ್ನು ತಿದ್ದಿಕೊಡುವ ಕೆಲಸ ಮಗಳದು. ಹೀಗೆ ಸ್ವಂತ ಹೆಸರಿನಲ್ಲಿ ಏನನ್ನೂ ಪ್ರಕಟಿಸದೆಯೇ ಅನ್ನಾ ಮಾತಿನ ತೂಕವನ್ನು ಕಲಿತಳು.

1871ರಲ್ಲಿ, ಆಕೆಗೆ 51 ವರ್ಷಗಳಾಗಿದ್ದಾಗ, ನಾರ್ವಿಚ್ ಪಟ್ಟಣದ ಸಮೀಪದ ಓಲ್ಡ್ ಕ್ಯಾಟನ್ ಗ್ರಾಮದಲ್ಲಿ ಕುದುರೆಯ ಕಥೆಯನ್ನು ಆರಂಭಿಸಿದಳು. ರೋಗವು ಬಲವಾಗಿದ್ದುದರಿಂದ ಕೆಲವು ದಿನ ತಾಯಿಗೆ ಹೇಳಿ ಬರೆಯಿಸುವಳು. ಕೆಲವು ದಿನ ಕಾಗದದ ಚೂರುಗಳಲ್ಲಿ ಸೀಸದಕಡ್ಡಿಯಿಂದ ತಾನೇ ಗೀಚುವಳು. ತಾಯಿ ಅವನ್ನು ಶುದ್ಧಪ್ರತಿ ಮಾಡುವಳು. ಕುದುರೆಗಳೊಡನೆ ದುಡಿಯುವವರಲ್ಲಿ ದಯೆಯನ್ನು ಹುಟ್ಟಿಸುವುದೇ ಆಕೆಯ ಉದ್ದೇಶವಾಗಿತ್ತು. ಅಂದಕ್ಕಾಗಿ ಕುದುರೆಯ ಕತ್ತನ್ನು ಬಲವಂತವಾಗಿ ಮೇಲಕ್ಕೆತ್ತಿ ಕಟ್ಟುವ ಲಗಾಮಿನ ಕ್ರೌರ್ಯವನ್ನು ಆಕೆ ವಿಶೇಷವಾಗಿ ಖಂಡಿಸಿದಳು.

ಪುಸ್ತಕವು 1877ರ ನವೆಂಬರಿನಲ್ಲಿ ಹೊರಬಂದಿತು. 1878ರ ಏಪ್ರಿಲ್ 25ರಂದು ಅನ್ನಾ ತೀರಿಕೊಂಡಳು. ಶವಯಾತ್ರೆಯ ಬಂಡಿಯ ಕುದುರೆಗಳಿಗೂ ಅದೇ ಲಗಾಮು ಬಿಗಿದಿರುವುದನ್ನು ತಾಯಿ ಕಂಡು, ಅದನ್ನು ಬಿಚ್ಚಿಸಿದಳೆಂದು ಹೇಳುತ್ತಾರೆ. 1890ರಲ್ಲಿ ಅಮೆರಿಕೆಯಲ್ಲಿ ಜಾರ್ಜ್ ಏಂಜೆಲ್ ಎಂಬ ಪ್ರಾಣಿದಯಾಪರರು ಆ ಪುಸ್ತಕವನ್ನು ಮುದ್ರಿಸಿ ಹಂಚಿದರು. ಅದು ಇಂದಿಗೂ ಲೋಕದ ಮಕ್ಕಳ ಕೈಯಲ್ಲಿದೆ.

ತಡವಾದುದರಿಂದ ನಷ್ಟವೇ ಇಲ್ಲವೆಂದು ನಾವು ಹೇಳಲಾರೆವು. ಆಕೆ ಬಿಟ್ಟುಹೋದ ಕಾದಂಬರಿ ಒಂದೇ. ಅದರ ಕೀರ್ತಿಯನ್ನು ಆಕೆ ಪೂರ್ಣವಾಗಿ ಕಾಣಲಿಲ್ಲ. ಆದಕಾರಣ ಬರೆಯಬಲ್ಲ ಬಾಲಿಕೆಯರು ಇಂದೇ ಬರೆಯಲಿ. ಆದರೆ ಆ ಒಂದು ಕಥೆಗೆ ಬೇಕಾದ ಕನಿಕರವನ್ನು ಆಕೆ ಕುಂಟುತ್ತ ಕಳೆದ ವರ್ಷಗಳೇ ಕೂಡಿಸಿಕೊಟ್ಟವು. ಮನೆಗೆಲಸದಲ್ಲಿಯೂ ರೋಗಿಗಳ ಸೇವೆಯಲ್ಲಿಯೂ ಕಳೆದ ಕಾಲವು ವ್ಯರ್ಥವಾಯಿತೆಂದು ನಮ್ಮ ಸೋದರಿಯರು ಮರುಗದಿರಲಿ. ದೇವರು ಒಪ್ಪಿಸಿದ ಮಾತು ಹೃದಯದಲ್ಲಿದ್ದರೆ, ಅದನ್ನು ಬರೆಯುವುದಕ್ಕೆ ಹೊತ್ತು ಇನ್ನೂ ಉಂಟು.