ಹರಳಿನ ಒಳಕ್ರಮವನ್ನು ಅರಸಿದ ರಾಮನ್

ಪೆದ್ದಕಡುಬೂರು, ಆದೋನಿಗಳಿರುವ ಕರ್ನೂಲು ಜಿಲ್ಲೆಯಲ್ಲೇ ತುಗ್ಗಲಿ, ಜೊನ್ನಗಿರಿಗಳ ಹೊಲಗಳಿವೆ. ಮುಂಗಾರಿನ ಮಳೆಗೆ ಮೇಲ್ಮಣ್ಣು ಕೊಚ್ಚಿಹೋದೊಡನೆ ಜನರು ಅಲ್ಲಿ ವಜ್ರವನ್ನು ಅರಸುತ್ತಾರೆ. ಅರಸುವವರಿಗೆ ಅದು ಬದುಕನ್ನೇ ಬದಲಿಸಬಲ್ಲ ಸಿರಿ. ಚಂದ್ರಶೇಖರ ವೆಂಕಟರಾಮನ್ ಅವರಿಗೆ ಅದೇ ವಜ್ರ ದಶಕಗಳ ಕಾಲ ಕಾಡಿದ ಪ್ರಶ್ನೆಯಾಗಿತ್ತು.

1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದ ರಾಮನ್ ಬಾಲ್ಯವನ್ನು ವಿಶಾಖಪಟ್ಟಣದಲ್ಲಿ ಕಳೆದರು. ಕಲ್ಕತ್ತೆಯಲ್ಲಿ ಸರಕಾರಿ ಲೆಕ್ಕಪತ್ರದ ಹುದ್ದೆಯಲ್ಲಿದ್ದುಕೊಂಡೇ ಬಿಡುವಿನಲ್ಲಿ ಸಂಶೋಧನೆ ನಡೆಸಿ, 1917ರಲ್ಲಿ ಪ್ರಾಧ್ಯಾಪಕರಾದರು. 1928ರ ಫೆಬ್ರವರಿ 28ರಂದು ಕಂಡ ಬೆಳಕಿನ ಚದುರಿಕೆಯ ಪರಿಣಾಮಕ್ಕೆ 1930ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. 1937ರಲ್ಲಿ ಆ ಸ್ಥಾನವನ್ನು ತೊರೆಯಬೇಕಾಗಿ ಬಂದರೂ ಪ್ರಾಧ್ಯಾಪಕರಾಗಿ ಅಲ್ಲಿಯೇ ಮುಂದುವರಿದರು.

ಜರ್ಮನಿಯನ್ನು ತೊರೆದಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು ಬೆಂಗಳೂರಿಗೆ ಕರೆಸಿಕೊಂಡವರು ರಾಮನ್ನರೇ. ಮುಂದೆ ಹರಳಿನ ಪರಮಾಣುಗಳ ಕಂಪನದ ಬಗೆಗೆ ಇಬ್ಬರಲ್ಲೂ ಕಟುವಾದ ಭಿನ್ನಾಭಿಪ್ರಾಯ ಬೆಳೆಯಿತು. ಕಂಪನಾಂಕಗಳು ನಿರಂತರವಾಗಿ ಹರಡಿರುತ್ತವೆ ಎಂಬುದು ಬಾರ್ನ್ ಅವರ ಮತ; ಅವು ಬಿಡಿಬಿಡಿಯಾದ ಕೆಲವೇ ಸಂಖ್ಯೆಗಳೆಂಬುದು ರಾಮನ್ನರ ವಾದ. ನೂರಾರು ವಜ್ರಗಳನ್ನು ಕೂಡಿಸಿ ಅವರು ಪ್ರಯೋಗ ನಡೆಸಿದರು. 1950ರ ದಶಕದಿಂದ ನಡೆದ ನ್ಯೂಟ್ರಾನ್ ಪ್ರಯೋಗಗಳು ಬಾರ್ನ್ ಅವರ ಪಕ್ಷವನ್ನೇ ಎತ್ತಿಹಿಡಿದವು. ಆದರೂ ರಾಮನ್ ತಮ್ಮ ನಿಲುವನ್ನು ಬಿಡಲಿಲ್ಲ. ಕಣ್ಣಾರೆ ಕಂಡದ್ದನ್ನೇ ನಂಬುವ ಛಲ ಅವರಿಗೆ ನೊಬೆಲ್ ತಂದುಕೊಟ್ಟಿತ್ತು. ಅದೇ ಛಲ ಇಲ್ಲಿ ಅವರನ್ನು ಒಂಟಿಯಾಗಿಸಿತು.

1948ರಲ್ಲಿ ಅವರು ರಾಮನ್ ಸಂಶೋಧನ ಸಂಸ್ಥೆಯನ್ನು ಕಟ್ಟಿ, ಹರಳು, ಮುತ್ತು, ಕ್ಷೀರಸ್ಫಟಿಕಗಳ ಬಣ್ಣಗಳಲ್ಲಿ ಮುಳುಗಿದರು. 1970ರ ನವೆಂಬರ್ 21ರಂದು ನಿಧನರಾದರು.

ಒಂದೇ ವಿನ್ಯಾಸವು ಅಡಿಗಡಿಗೆ ಮರುಕಳಿಸಿದರಷ್ಟೇ ಹರಳು ಎಂಬುದು ಅವರ ಕಾಲದ ಒಪ್ಪಿತ ನಂಬಿಕೆ. 1982ರಲ್ಲಿ ಡ್ಯಾನ್ ಶೆಕ್ಟ್‌ಮನ್ ಅಲ್ಯೂಮಿನಿಯಂ–ಮ್ಯಾಂಗನೀಸ್ ಮಿಶ್ರಲೋಹದಲ್ಲಿ ಮರುಕಳಿಕೆಯಿಲ್ಲದ ಕ್ರಮವನ್ನು ಕಂಡರು. ಹಿರಿಯರಾದ ಲೈನಸ್ ಪೌಲಿಂಗ್ ಅದನ್ನು ಒಪ್ಪಲಿಲ್ಲ. ಆದರೆ ಈ ಬಾರಿ ಗೆದ್ದದ್ದು ಒಂಟಿಯ ವಾದ. 1985ರಲ್ಲಿ ರಾಮನ್ ಹಿಂದೆ ದುಡಿದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಕೆ. ಚಟ್ಟೋಪಾಧ್ಯಾಯ, ಎಸ್. ರಂಗನಾಥನ್ ಮೊದಲಾದವರು ಇಂಥ ಅರೆಹರಳುಗಳನ್ನು ಅಭ್ಯಸಿಸಿದರು. ಈಗ ಅವುಗಳಲ್ಲಿ ಎಲೆಕ್ಟ್ರಾನುಗಳ ನಡೆಯನ್ನು ಅರಿಯುವ ಯತ್ನ ನಡೆದಿದೆ: ಒಳಗೆ ಹರಿವಿಗೆ ತಡೆಯಿದ್ದರೂ ಅಂಚಿನಲ್ಲಿ ಮಾತ್ರ ನೆಲೆಯೂರುವ, ಸಣ್ಣಪುಟ್ಟ ದೋಷಗಳಿಗೆ ಜಗ್ಗದ ಸ್ಥಿತಿಗಳು ಅವುಗಳಲ್ಲಿ ಸಾಧ್ಯ. ಇವನ್ನು ಸಾಂಸ್ಥಿತಿಕ ಸ್ಥಿತಿಗಳೆನ್ನುತ್ತಾರೆ. 2012ರಲ್ಲಿ ಇಂಥ ಅಂಚಿನ ಸ್ಥಿತಿಯನ್ನು ಬೆಳಕಿನ ನಾಳಗಳ ಒಂದು ಸಾಲಿನಲ್ಲಿ ಬೆಳಕಿನ ಮೂಲಕವೇ ಕಾಣಿಸಲಾಯಿತು.

ರಾಮನ್ನರ ಚಿತೆ ಉರಿದದ್ದು ಅವರ ಸಂಸ್ಥೆಯ ತೋಟದಲ್ಲೇ. ಗುರುತಿಗೆ ಅಲ್ಲಿ ಸ್ಮಾರಕವಿಲ್ಲ, ಒಂದು ಮರವಿದೆ.