ಹೃದಯದ ಅಕ್ಷರಗಳನ್ನು ಬರೆದ ವಿಲೆಮ್ ಐಂಟ್‌ಹೋವನ್

ತಲೆಬರಹದಲ್ಲಿ ಕಾಗುಣಿತ ತಪ್ಪಿದೆ ಎಂದುಕೊಳ್ಳಬೇಡಿ. ನಾವಿರುವ ಊರು ಐಂಡ್‌ಹೋವನ್. ನಾನು ಹೇಳಹೊರಟಿರುವ ವಿಜ್ಞಾನಿ ಐಂಟ್‌ಹೋವನ್. ಬರೆಯುವಾಗ ಒಂದಕ್ಷರ ಬೇರೆ, ಡಚ್ಚರ ಬಾಯಲ್ಲಿ ಎರಡೂ ಒಂದೇ. ಆದರೆ ಅವರು ನಮ್ಮೂರಿನವರಲ್ಲ, ದುಡಿದದ್ದು ಲೈಡನ್ ನಗರದಲ್ಲಿ. ಅಜ್ಜನಿಗೋ ಅಜ್ಜಿಗೋ ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವುದನ್ನು ನೀವು ನೋಡಿರಬಹುದು. ಇಲ್ಲಿಯ ಜನ ಅದನ್ನು ಮುದ್ದಾಗಿ ಹಾರ್ಟ್‌ಫಿಲ್ಮ್‌ಪ್ಯೆ, ಅಂದರೆ ಹೃದಯದ ಪುಟ್ಟ ಫಿಲ್ಮು, ಎನ್ನುತ್ತಾರೆ. ಆ ಫಿಲ್ಮನ್ನು ಸ್ಪಷ್ಟವಾಗಿ ತೆಗೆಯುವ ಯಂತ್ರವನ್ನು ಜಗತ್ತಿಗೆ ಕೊಟ್ಟವರು ಇವರು.

ವಿಲೆಮ್ ಐಂಟ್‌ಹೋವನ್ ಹುಟ್ಟಿದ್ದು 1860ರ ಮೇ 21ರಂದು, ಈಗಿನ ಇಂಡೊನೇಷ್ಯಾದ ಜಾವಾ ದ್ವೀಪದ ಸೆಮರಾಂಗ್‌ನಲ್ಲಿ. ಆಗ ಅದು ಡಚ್ಚರ ವಸಾಹತು. ತಂದೆ ಅಲ್ಲಿ ವೈದ್ಯರಾಗಿದ್ದರು. ವಿಲೆಮ್‌ಗೆ ಆರು ವರ್ಷವಾಗುವಷ್ಟರಲ್ಲಿ ತಂದೆ ತೀರಿಕೊಂಡರು. 1870ರಲ್ಲಿ ತಾಯಿ ಆರು ಮಕ್ಕಳನ್ನು ಕಟ್ಟಿಕೊಂಡು ಹಡಗು ಹತ್ತಿ ಉಟ್ರೆಕ್ಟ್‌ಗೆ ಬಂದರು. ಬಿಸಿಲ ನಾಡಿನಿಂದ ಹತ್ತನೆಯ ವಯಸ್ಸಿಗೆ ಈ ಚಳಿಯ ನಾಡಿಗೆ ಬಂದ ಹುಡುಗನ ಪಾಡು ನಿಮ್ಮಲ್ಲಿ ಕೆಲವರಿಗೆ ನಾನು ವಿವರಿಸಬೇಕಾಗಿಲ್ಲ.

ತಂದೆಯ ಹಾದಿಯಲ್ಲೇ ಅವರು ಉಟ್ರೆಕ್ಟ್‌ನಲ್ಲಿ ವೈದ್ಯಕೀಯ ಓದಿದರು. ಬರೀ ಪುಸ್ತಕದ ಹುಳುವಲ್ಲ. ದೋಣಿ ಹುಟ್ಟು ಹಾಕುವುದು, ಕತ್ತಿವರಸೆ, ಅಂಗಸಾಧನೆ ಎಲ್ಲದರಲ್ಲೂ ಮುಂದು. ಒಮ್ಮೆ ಬಿದ್ದು ಮಣಿಕಟ್ಟು ಮುರಿಯಿತು. ಮಲಗಿ ಬೇಸರಪಡುವ ಬದಲು ಮುಂಗೈ ತಿರುಗುವ ಬಗೆಯನ್ನೇ ಅಭ್ಯಾಸ ಮಾಡಿ ಪ್ರಬಂಧ ಬರೆದರು! 1885ರಲ್ಲಿ ಡಾಕ್ಟರೇಟ್. ಅದೇ ವರ್ಷ, ಕೇವಲ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಲೈಡನ್ ವಿಶ್ವವಿದ್ಯಾಲಯದಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾದರು. ಕೊನೆಯವರೆಗೂ ಅಲ್ಲೇ ಇದ್ದರು.

ಹೃದಯ ಮಿಡಿಯುವಾಗಲೆಲ್ಲ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. 1887ರಲ್ಲಿ ಲಂಡನ್‌ನ ಅಗಸ್ಟಸ್ ವಾಲರ್ ಎಂಬವರು ಮನುಷ್ಯನ ಮೈಮೇಲಿಂದಲೇ ಅದನ್ನು ಮೊದಲು ದಾಖಲಿಸಿದ್ದರು. ಎರಡು ವರ್ಷಗಳ ನಂತರ ಬಾಸೆಲ್‌ನ ಸಮ್ಮೇಳನದಲ್ಲಿ ಅವರ ಪ್ರಯೋಗವನ್ನು ಐಂಟ್‌ಹೋವನ್ ಕಣ್ಣಾರೆ ಕಂಡರು. ಆ ಕಾಲದ ಉಪಕರಣವೆಂದರೆ ಕೂದಲೆಳೆಯಂಥ ಗಾಜಿನ ಕೊಳವೆಯಲ್ಲಿ ಏರಿಳಿಯುವ ಪಾದರಸ. ಅದು ನಿಧಾನ. ಹೃದಯದ ವೇಗಕ್ಕೆ ಓಡಲಾರದೆ ಮಸುಕು ಗೆರೆ ಎಳೆಯುತ್ತಿತ್ತು. ಅದರ ಮೇಲೆ ರಸ್ತೆಯಲ್ಲಿ ಕುದುರೆಗಾಡಿ ಹೋದರೆ ಪ್ರಯೋಗಶಾಲೆಯೇ ನಡುಗುತ್ತಿತ್ತಂತೆ.

ಆಗ ಅವರು ಹಿಡಿದದ್ದು ಲೆಕ್ಕದ ದಾರಿ. ಪಾದರಸ ಎಷ್ಟು ಹಿಂದೆ ಬೀಳುತ್ತದೆ ಎಂದು ಲೆಕ್ಕ ಹಾಕಿ, ಗೆರೆ ನಿಜವಾಗಿ ಹೇಗಿರಬೇಕೆಂದು 1895ರಲ್ಲಿ ಕಾಗದದ ಮೇಲೆ ಬಿಡಿಸಿದರು. ಮಸುಕು ಗೆರೆಯ ಏರಿಳಿತಗಳಿಗೆ ಎ, ಬಿ, ಸಿ, ಡಿ ಎಂದಿದ್ದರಿಂದ ತಿದ್ದಿದ ಗೆರೆಗೆ ಬೇರೆ ಅಕ್ಷರ ಬೇಕಾಯಿತು. ಪಿ, ಕ್ಯೂ, ಆರ್, ಎಸ್, ಟಿ ಎಂದಿಟ್ಟರು. ಭಾಷೆ ಕಲಿಸುವ ನನಗೆ ಅವರ ಬದುಕಿನಲ್ಲಿ ತುಂಬ ಇಷ್ಟವಾದ ಘಟನೆ ಇದು. ಬೆಂಗಳೂರಿನ ಜಯದೇವ ಆಸ್ಪತ್ರೆಯಾಗಲಿ, ಇಲ್ಲಿಯ ಕಾಟರೀನಾ ಆಸ್ಪತ್ರೆಯಾಗಲಿ, ಇಂದಿಗೂ ಅದೇ ಐದು ಅಕ್ಷರ.

ಲೆಕ್ಕ ಸರಿಯೇ ಎಂದು ನೋಡಲು ಹೊಸ ಯಂತ್ರ ಬೇಕಿತ್ತು. ಕ್ವಾರ್ಟ್ಜ್ ಎಂಬ ಸ್ಫಟಿಕವನ್ನು ಕಾಯಿಸಿ ಕರಗಿಸಿ, ಬಾಣಕ್ಕೆ ಅಂಟಿಸಿ ಬಿಲ್ಲಿನಿಂದ ಹೊಡೆದರೆ ಹಿಂದೆ ನೂಲು ಎಳೆದುಕೊಂಡು ಹೋಗುತ್ತದೆ. ತಲೆಗೂದಲಿಗಿಂತ ಎಷ್ಟೋ ತೆಳುವಾದ ಆ ನೂಲಿಗೆ ಬೆಳ್ಳಿ ಲೇಪಿಸಿ ಬಲವಾದ ಅಯಸ್ಕಾಂತದ ನಡುವೆ ಇಳಿಬಿಟ್ಟರು. ಹೃದಯದ ವಿದ್ಯುತ್ ಹರಿದಾಗ ನೂಲು ಅಲುಗುತ್ತದೆ, ಅದರ ನೆರಳು ಫೋಟೋ ಪಟ್ಟಿಯ ಮೇಲೆ ಬೀಳುತ್ತದೆ. ಇದೇ ಸ್ಟ್ರಿಂಗ್ ಗ್ಯಾಲ್ವನೋಮೀಟರ್. ತೂಕ ಸುಮಾರು 270 ಕಿಲೋ, ನಡೆಸಲು ಐದು ಜನ! ರೋಗಿ ಎರಡು ಕೈ ಮತ್ತು ಎಡಗಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕಿತ್ತು. ನೂಲು ಬರೆದ ಗೆರೆ, ಲೆಕ್ಕದಿಂದ ಬಿಡಿಸಿದ್ದ ಗೆರೆಗೆ ಹೊಂದಿಕೆಯಾಯಿತು.

ಅಷ್ಟು ಭಾರದ ಯಂತ್ರವನ್ನು ರೋಗಿಯ ಬಳಿಗೆ ಒಯ್ಯುವುದು ಹೇಗೆ? ಪ್ರಯೋಗಶಾಲೆಯಿಂದ ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಗೆ ತಂತಿ ಎಳೆಸಿದರು. 1905ರ ಮಾರ್ಚ್ 22ರಂದು ಆ ತಂತಿಯಲ್ಲಿ ಮೊದಲು ಬಂದದ್ದು ಒಬ್ಬ ಆರೋಗ್ಯವಂತನ ಹೃದಯದ ಗೆರೆ. ಆರ್ ಅಲೆಗಳು ಎತ್ತರವಾಗಿದ್ದವು. ಆತ ಆಸ್ಪತ್ರೆಗೆ ಸೈಕಲ್ ತುಳಿದು ಹೋದದ್ದೇ ಕಾರಣವೆಂದು ಬರೆದಿಟ್ಟಿದ್ದಾರೆ. ಹಾಲೆಂಡ್ ಅಲ್ಲವೇ! ಮುಂದಿನ ವರ್ಷವೇ ಅವರು ಲಯ ತಪ್ಪಿದ ಹೃದಯಗಳ ಗೆರೆಗಳನ್ನೂ ಪ್ರಕಟಿಸಿದರು.

ಆ ಗೆರೆಯನ್ನು ಓದುವುದು ಹೇಗೆ? ನರ್ಸ್ ಕೆಲಸದಲ್ಲಿರುವ ಪೋಷಕರಿಗೆ ಇದು ನಿತ್ಯದ ಪಾಠ, ಉಳಿದವರಿಗಾಗಿ ಹೇಳುತ್ತೇನೆ. ಪಿ ಎಂದರೆ ಮೇಲಿನ ಕೋಣೆಗಳಾದ ಹೃತ್ಕರ್ಣಗಳಿಗೆ ಬಂದ ಸೂಚನೆ. ಕ್ಯೂಆರ್‌ಎಸ್ ಕೆಳಗಿನ ಹೃತ್ಕುಕ್ಷಿಗಳದು. ಟಿ, ಹೃತ್ಕುಕ್ಷಿಗಳು ಮುಂದಿನ ಮಿಡಿತಕ್ಕೆ ಅಣಿಯಾಗುವುದು. ಚೌಕುಳಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ಒಂದು ದೊಡ್ಡ ಚೌಕಕ್ಕೆ 0.2 ಸೆಕೆಂಡು. 30 ದೊಡ್ಡ ಚೌಕಗಳಲ್ಲಿ, ಅಂದರೆ 6 ಸೆಕೆಂಡಿನಲ್ಲಿ, ಎಷ್ಟು ಆರ್ ಇವೆಯೋ ಎಣಿಸಿ ಹತ್ತರಿಂದ ಗುಣಿಸಿದರೆ ನಿಮಿಷದ ಬಡಿತ ಸಿಗುತ್ತದೆ. ವಿಶ್ರಾಂತಿಯಲ್ಲಿರುವ ದೊಡ್ಡವರಿಗೆ 60ರಿಂದ 100 ಸಾಮಾನ್ಯ. ಆರ್‌ಗಳ ನಡುವಿನ ಅಂತರ ಸಮನೇ, ಪ್ರತಿ ಕ್ಯೂಆರ್‌ಎಸ್ ಮುಂದೆ ಒಂದು ಪಿ ಇದೆಯೇ ಎಂದು ಆಮೇಲೆ ನೋಡಬೇಕು. ಪಿ ಕಾಣದೆ, ಅಂತರವೂ ಅಡ್ಡಾದಿಡ್ಡಿಯಾದರೆ ಹೃತ್ಕರ್ಣಗಳು ಕಂಪಿಸುತ್ತಿರಬಹುದು. ಪಿಗಳು ತಮ್ಮ ಪಾಡಿಗೆ, ಕ್ಯೂಆರ್‌ಎಸ್‌ಗಳು ತಮ್ಮ ಪಾಡಿಗೆ ಸಾಗಿದರೆ ನಡುವಿನ ದಾರಿ ಪೂರ್ತಿ ಕಟ್ಟಿದೆ ಎಂದರ್ಥ. ಅಕ್ಷರವೇ ಇಲ್ಲದೆ ಬರೀ ಗೀಚು ಕಂಡರೆ? ಯಂತ್ರ ನೋಡುತ್ತ ನಿಲ್ಲದೆ ಮೊದಲು ರೋಗಿಯನ್ನು ನೋಡಬೇಕು. ಕಿತ್ತುಹೋದ ತಂತಿಯೂ ಹಾಗೆ ಗೀಚಬಹುದು. ರೋಗಿಗೆ ಪ್ರಜ್ಞೆಯಿಲ್ಲದೆ ಸಹಜ ಉಸಿರೂ ಇಲ್ಲವಾದರೆ ಒಂದು ಗಳಿಗೆಯೂ ತಡಮಾಡದೆ ಸಹಾಯಕ್ಕೆ ಕರೆದು ಎದೆ ಒತ್ತಲು ಶುರುಮಾಡಬೇಕು. ನಾಡಿ ಹಿಡಿದು ನೋಡುತ್ತಿದ್ದ ಕಾಲದಲ್ಲಿ ಲಯ ತಪ್ಪಿದೆ ಎಂದಷ್ಟೇ ತಿಳಿಯುತ್ತಿತ್ತು, ಎಲ್ಲಿ ತಪ್ಪಿದೆ ಎಂದು ತಿಳಿಯುವುದು ಕಷ್ಟವಿತ್ತು.

ವಿಚಿತ್ರವೆಂದರೆ, ಇದು ಆಸ್ಪತ್ರೆಗಳಲ್ಲಿ ಹೆಚ್ಚು ಬಳಕೆಗೆ ಬಾರದು ಎಂದು ಸ್ವತಃ ವಾಲರ್ ಅವರೇ 1911ರಲ್ಲಿ ಭಾವಿಸಿದ್ದರು. ಅದನ್ನು ರೋಗಿಗಳಿಗೆ ನಿಜವಾಗಿ ಉಪಯೋಗವಾಗುವಂತೆ ಬೆಳೆಸಿದವರಲ್ಲಿ ಲಂಡನ್‌ನ ವೈದ್ಯ ಥಾಮಸ್ ಲೂಯಿಸ್ ಮುಖ್ಯರು. ಆ ಋಣವನ್ನು ಐಂಟ್‌ಹೋವನ್ ನೊಬೆಲ್ ಭಾಷಣದಲ್ಲೇ ನೆನೆದರು.

ನೊಬೆಲ್ ಪ್ರಶಸ್ತಿ ಅರಸಿ ಬಂದದ್ದು 1924ರಲ್ಲಿ. ಅವರಾಗ ಅಮೆರಿಕದಲ್ಲಿ ಉಪನ್ಯಾಸ ಪ್ರವಾಸದಲ್ಲಿದ್ದರು. ಯಂತ್ರ ಕಟ್ಟಲು ನೆರವಾದ ಹಳೆಯ ಸಹಾಯಕನನ್ನು ಹುಡುಕಿಕೊಂಡು ಹೋದರಂತೆ. ಆತ ತೀರಿಕೊಂಡಿದ್ದ, ಬಡತನದಲ್ಲಿದ್ದ ಇಬ್ಬರು ಸೋದರಿಯರು ಸಿಕ್ಕರು. ಬಹುಮಾನದ ಹಣದಲ್ಲಿ ಅರ್ಧವನ್ನು ಅವರಿಗೆ ಕೊಟ್ಟರೆಂದು ಹೇಳುತ್ತಾರೆ.

1927ರ ಸೆಪ್ಟೆಂಬರ್ 29ರಂದು ಲೈಡನ್‌ನಲ್ಲಿ ಅವರು ಇಹಲೋಕ ತ್ಯಜಿಸಿದರು. ಸಮಾಧಿ ಪಕ್ಕದ ಊಸ್ಟ್‌ಖೇಸ್ಟ್‌ನ ಹಳೆಯ ಚರ್ಚಿನ ಅಂಗಳದಲ್ಲಿದೆ. ಅವರ ಕಾಲದ ಗ್ಯಾಲ್ವನೋಮೀಟರನ್ನು ನೋಡುವ ಆಸೆಯಿರುವ ಮಕ್ಕಳು ರಜೆಯಲ್ಲಿ ಅಪ್ಪ ಅಮ್ಮನ ಜೊತೆ ಲೈಡನ್‌ನ ಬೂರ್‌ಹಾವ ವಸ್ತುಸಂಗ್ರಹಾಲಯಕ್ಕೆ ಹೋಗಿ ಬನ್ನಿ.