ಗ್ರಂಥಗಳಿಗೆ ವಿಳಾಸ ಬರೆದ ಗಣಿತಜ್ಞ: ಎಸ್. ಆರ್. ರಂಗನಾಥನ್

ಗ್ರಂಥಾಲಯದಲ್ಲಿದ್ದೂ ಓದುಗನ ಕೈಗೆ ಸಿಗದ ಪುಸ್ತಕವು ಇಲ್ಲದ ಪುಸ್ತಕಕ್ಕೆ ಸಮಾನ. ಈ ಸರಳ ಸತ್ಯದ ಮೇಲೆ ಒಂದು ಶಾಸ್ತ್ರವನ್ನೇ ಕಟ್ಟಿದವರು ಶಿಯಾಳಿ ರಾಮಾಮೃತ ರಂಗನಾಥನ್. 1892ರಲ್ಲಿ ತಂಜಾವೂರು ಸೀಮೆಯ ಶಿಯಾಳಿಯಲ್ಲಿ ಜನಿಸಿದ ಅವರು ಮದರಾಸಿನಲ್ಲಿ ಗಣಿತವನ್ನು ಅಭ್ಯಸಿಸಿ, 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನ ಅಧ್ಯಾಪಕರಾದರು. ಆಗ ನಮ್ಮ ಕಾಸರಗೋಡು ಸಹ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು.

1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದಾಗ ಆ ಏಕಾಂತದ ಕೆಲಸ ಅವರಿಗೆ ರುಚಿಸಲಿಲ್ಲ. ತರಗತಿಗೆ ಮರಳಲು ಬಯಸಿದರು. ಆದರೆ ತರಬೇತಿಗಾಗಿ ಲಂಡನ್ನಿಗೆ ಹೋದದ್ದು ಅವರ ಬಾಳಿನ ದಿಕ್ಕನ್ನೇ ಬದಲಿಸಿತು. ಅಂದಿನ ವರ್ಗೀಕರಣ ಪದ್ಧತಿಗಳು ಬಹುಮಟ್ಟಿಗೆ ವಿಷಯಗಳಿಗೆ ಮೊದಲೇ ಗೂಡುಗಳನ್ನು ಗೊತ್ತುಪಡಿಸುತ್ತಿದ್ದವು. ಹೊಸ ವಿಷಯ ಹುಟ್ಟಿದರೆ ಅದಕ್ಕೆ ಎಡೆ ದೊರೆಯುವುದು ಕಷ್ಟವಾಗಿತ್ತು. ಅಲ್ಲಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಆಟಿಕೆಯ ಕೆಲವೇ ಪಟ್ಟಿ, ತಿರುಪುಗಳಿಂದ ಹಲವು ಬಗೆಯ ಯಂತ್ರಗಳು ರೂಪುಗೊಳ್ಳುವುದನ್ನು ಕಂಡಾಗ ಅವರಿಗೆ ದಾರಿ ಹೊಳೆಯಿತು. ವಿಷಯವನ್ನು ಬಿಡಿ ಅಂಗಗಳಾಗಿ ಬಿಡಿಸಿ, ಬೇಕಾದಂತೆ ಜೋಡಿಸುವ ಕೋಲನ್ ವರ್ಗೀಕರಣವು 1933ರಲ್ಲಿ ಪ್ರಕಟವಾಯಿತು.

ಕಾಸರಗೋಡಿನ ಅಡಕೆಯ ಕೊಳೆರೋಗ ನಿವಾರಣೆಯನ್ನು ಕುರಿತ ಒಂದು ಬರಹವಿದೆಯೆನ್ನೋಣ. ಬೆಳೆ, ರೋಗ, ನಿವಾರಣಕ್ರಿಯೆ, ಸ್ಥಳ, ಕಾಲ ಎಂಬ ಮುಖಗಳನ್ನು ಪ್ರತ್ಯೇಕವಾಗಿ ಗುರುತಿಸಿದರೆ, ಯಾವ ಬಾಗಿಲಿನಿಂದ ಬಂದ ಓದುಗನಿಗೂ ಅದು ದೊರೆಯುತ್ತದೆ. ಓದುಗನ ಸಮಯವನ್ನು ಉಳಿಸಬೇಕೆಂಬುದು 1931ರಲ್ಲಿ ಅವರು ಪ್ರಕಟಿಸಿದ ಪಂಚಸೂತ್ರಗಳಲ್ಲಿ ಒಂದು.

ಬನಾರಸ್, ದೆಹಲಿ, ಜ್ಯೂರಿಚ್‌ಗಳ ಬಳಿಕ ಬೆಂಗಳೂರಿನಲ್ಲಿ ನೆಲೆಸಿದ ಅವರು, 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. 1972ರ ಸೆಪ್ಟೆಂಬರ್ 27ರಂದು ಅದೇ ನಗರದಲ್ಲಿ ನಿಧನರಾದರು.

ಇಂದು ಗಣಕಲೋಕವು ಮೆಟಾಡೇಟಾ ಎಂದು ಕರೆಯುವ, ದಾಖಲೆಯ ಕುರಿತಾದ ವಿವರಕ್ಕೂ ಅವರ ವಿವೇಕವೇ ಬೇಕು. ಹಳೆಯ ಕನ್ನಡ ಕಡತವೊಂದರ ಛಾಯಾಪ್ರತಿ ಗಣಕಯಂತ್ರವನ್ನು ಸೇರಿದ ಮಾತ್ರಕ್ಕೆ ಉಳಿಯಿತೆನ್ನಲಾಗದು. ಬರಿಯ ಚಿತ್ರದೊಳಗಿನ ಅಕ್ಷರಗಳು ಹುಡುಕಾಟಕ್ಕೆ ನಿಲುಕವು. ಕ್ರಮಸಂಖ್ಯೆಯೊಂದೇ ಅದರ ಹೆಸರಾದರೆ ಅದನ್ನು ಕೇಳುವವರೂ ಇಲ್ಲ. ಗಡಿನಾಡಿನ ಊರುಗಳಿಗಂತೂ ಭಾಷೆಗೊಂದು ಹೆಸರು, ಲಿಪಿಗೊಂದು ಕಾಗುಣಿತ. ಆದುದರಿಂದ ದಾಖಲೆಯನ್ನು ಉಳಿಸುವ ವಿದ್ಯಾರ್ಥಿಯು ಕರ್ತೃ, ವಿಷಯ, ಭಾಷೆ, ಕಾಲಗಳೊಡನೆ ಊರಿನ ಎಲ್ಲ ಹೆಸರುಗಳನ್ನೂ ನಮೂದಿಸಲಿ. ಮುಂದೆ ಅದನ್ನು ಅರಸಿ ಬರುವ ಅಪರಿಚಿತ ಓದುಗನಿಗೆ ಆ ನಾಲ್ಕು ಸಾಲುಗಳೇ ದಾರಿ.